ಯಾರ ಕೈ

ಕೈ ಕೆಟ್ಟ ದಿನ ಹೇಳುತ್ತೇನೆ ಎಂದು ಮಾಳಿಂಗರಾಯ ಮಾತು ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಕೊಟ್ಟದ್ದು ಇಳಕಲ್ಲಿನ ಇದೇ ಶೆಡ್ಡಿನಲ್ಲಿ, ಹುನಗುಂದ ರಸ್ತೆಗೆ ಬೆನ್ನು ಮಾಡಿ ನಿಂತ ಇದೇ ತಗಡಿನ ಕೆಳಗೆ, ನೀರಿನ ಬ್ಯಾರಲ್ಲಿನ ಪಕ್ಕದಲ್ಲಿ. ಅವತ್ತು ಅಹ್ಮದಸಾಬರು ತಮಗೆ ಗಾಡಿಯ ತಗಡು ತಿದ್ದುವ ಟಿಂಕರ್ ಕೆಲಸ ಕಲಿಸಿದ ಉಸ್ತಾದನನ್ನು ಹುಬ್ಬಳ್ಳಿಯಲ್ಲಿ ಮಣ್ಣು ಮಾಡಿ ಬಂದಿದ್ದರು. ಬಂದವರು ಕೈಕಾಲು ಸಹ ತೊಳೆಯದೆ ನೆಗ್ಗಿದ ಬಾನೆಟ್ಟೊಂದರ ಮೇಲೆ ಕೂತು, "ಕಡೀಕ ಹತ್ತ ವರ್ಷ ಅವಂದು ಕೈ ನಡಗತಿತ್ತಲೇ ಮಾಳ್ಯಾ" ಎಂದರು. "ಎಲ್ಲಾರಿಗೂ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ಅವ ಬಡದು ಆಕಡೆ ಹೋಗೂದ ತಡ, ಶಿಷ್ಯಾರು ಹಿಂದಿಂದ ತಿದ್ದತಿದ್ರು. ಊರೆಲ್ಲಾ ಒಳಗ ನಕ್ಕೋಂತ ಹೊರಗ ಸಲಾಮ್ ಹೊಡೀತಿತ್ತು. ಆ ಸಲಾಮ್ ನನಗ ಬ್ಯಾಡ. ನನ್ನ ಕೈ ಕೆಟ್ಟ ದಿನ ನೀ ನನ್ನ ಮಾರಿ ನೋಡಿ ಹೇಳಬೇಕು." ಇಪ್ಪತ್ಮೂರರ ಮಾಳಿಂಗರಾಯ ಹೆದರಿದ್ದ. "ನಾ ಹೆಂಗ ಹೇಳ್ಲಿರಿ ಉಸ್ತಾದ್ರ?" "ಬಾಯಿಲೆ ಹೇಳು. ಮತ್ತ್ಯಾತರಲೆ ಹೇಳ್ತಿ?" ಎಂದು ಬೈದು, ಅವನ ಅಂಗಿಯ ಕಿಸೆಯ ಕಡೆ ಬೆರಳು ತೋರಿಸಿದ್ದರು. ಆ ಕಿಸೆಯಲ್ಲಿ ಅವನ ಅವ್ವ ಕಾಗದದಲ್ಲಿ ಕಟ್ಟಿಕೊಟ್ಟ ಬೀರಪ್ಪನ ಭಂಡಾರ ಇರುತ್ತಿತ್ತು. "ಅದನ್ನ ಮುಟ್ಟಿ ಹೇಳು. ನನ್ನ ದೇವರ ಆಣಿ ನಿನಗ ನಾಟೂದಿಲ್ಲ." ಅವನು ಕಾಗದ ಬಿಚ್ಚಿ, ಅರಿಶಿನದ ಪುಡಿ ಹಣೆಗೆ ಮುಟ್ಟಿಸಿಕೊಂಡು, ಹೇಳ್ತೇನ್ರಿ ಎಂದಿದ್ದ. ಉಸ್ತಾದರು ಎದ್ದು ಕೈ ತೊಳೆಯಲು ಹೋದರು. ಆ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಗುರಲಿಂಗಪ್ಪನ ಫೋನು ಬಂದಾಗ ಮಾಳಿಂಗರಾಯನ ಕೈಯಲ್ಲಿ ಅರ್ಧ ರೊಟ್ಟಿ ಇತ್ತು. ಗುರಲಿಂಗಪ್ಪ ಸೀರೆ ವ್ಯಾಪಾರಿ. ಫೋನಿನಲ್ಲಿಯೂ ಸಂತೆಯಲ್ಲಿ ನಿಂತವನ ಹಾಗೆ ಕೂಗುತ್ತಾನೆ. "ಏ ಮಾಳಿಂಗ್ಯಾ, ನಿಮ್ಮ ಸಾಬಂದು ಕೆಲಸ ಬಿರಕ ಬಿಟ್ಟೈತಿ ನೋಡಪಾ! ನನ್ನ ವ್ಯಾನಿನ ಎಡಗಡೆ, ಬಾಗಲದಿಂದ ಹಿಂದಿನ ದೀಪದ ತನಕ. ಪಟ್ಟದಕಲ್ಲದಾಗ ನಿಂತಿದ್ದೆ, ಗಿರಾಕಿ ಹೆಣಮಗಳು ಸೀರಿ ಬಿಟ್ಟು ಅದನ್ನ ನೋಡಾಕತ್ತಳು. ಹನ್ನೊಂದಕ್ಕ ಬರ್ತೇನಿ, ಮುದುಕನ್ನ ಎಬ್ಬಿಸಿ ಕುಂದ್ರಸು." ಫೋನು ಇಟ್ಟ ಮೇಲೆ ಉಳಿದ ರೊಟ್ಟಿಯನ್ನು ತಾಟಿನಲ್ಲಿಯೇ ಬಿಟ್ಟ. ಹೆಂಡತಿ ಸಾವಂತ್ರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸೀರೆಯ ಉದ್ದೆಳೆಗಳ ಹಾಸು ಕೂಡಿಸುತ್ತಿದ್ದಳು. ಇಳಕಲ್ಲಿನ ಸೀರೆಗೆ ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಶಿಮೆಯದು, ಎರಡನ್ನೂ ಎಳೆಗೆ ಎಳೆ ಕೂಡಿಸಿ ಮಗ್ಗಕ್ಕೆ ಕಳಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅವಳು ಅದನ್ನೇ ಮಾಡುತ್ತಿದ್ದಾಳೆ, ಹತ್ತೊಂಬತ್ತು ವರ್ಷದಿಂದ ಅವನು ಅವಳ ಕಾಲು ದಾಟಿಕೊಂಡು ಹೊರಗೆ ಹೋಗುತ್ತಿದ್ದಾನೆ. "ಯಾವಾಕಿಯೋ ಹೊಸಾಕಿ ಕಡೆ ಕೊಟ್ಟಿದ್ರಂತ" ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು. "ಬಿಗಿ ಬರಲಿ ಅಂತ ಗಂಟ ಹಾಕಿಬಿಟ್ಟಾಳ್ರಿ. ಹತ್ತಿಗೂ ರೇಶ್ಮಿಗೂ ಗಂಟ ಹಾಕಿದ್ರ ನಿಂದ್ರತೈತೇನು? ಮಗ್ಗದಾಗ ಜಗ್ಗೂದ ತಡ ಪಟಪಟ ಹರದೈತಿ. ಎಲ್ಲಾ ಬಿಚ್ಚಿ ಮತ್ತ ಕೊಂಡಿ ಹಾಕಾಕತ್ತೀನಿ." ಹೂಂ ಎಂದ. ಅವಳು ಏನು ಹೇಳಿದಳೆಂಬುದು ಅವನ ಕಿವಿಯನ್ನು ದಾಟಿ ಒಳಗೆ ಹೋಗಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ: ಕೊನೆಗೂ ಬಂತು. ಹಾಗೆ ಅನಿಸಿದ್ದರಲ್ಲಿ ಭಯದ ಜೊತೆ ಇನ್ನೇನೋ ಬೆಚ್ಚಗಿನದು ಬೆರೆತಿತ್ತು. ಅದೇನೆಂದು ನೋಡಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಶೆಡ್ಡಿಗೆ ಹೋಗುವ ದಾರಿಯಲ್ಲಿ ಕಲ್ಲು ಹೊತ್ತ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಸೈಕಲ್ಲಿನ ಹ್ಯಾಂಡಲ್ಲು ಆ ಗಾಳಿಗೆ ಪ್ರತಿ ಸಲವೂ ಒಂದಿಷ್ಟು ಎಡಕ್ಕೆ ಎಳೆಯುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ತಟ್ಟೆಗೆ ಸುರಿದ ಚಹಾ ಅವನ ಕಣ್ಣ ಮುಂದೆ ಬಂತು. ಹೋದ ವರ್ಷ, ಮಳೆಗಾಲಕ್ಕೆ ಮುಂಚೆ. ಉಸ್ತಾದರು ತಟ್ಟೆ ಎತ್ತಿ ಬಾಯಿಗೆ ಒಯ್ಯುವಾಗ ಚಹಾದ ಮೇಲೆ ಸಣ್ಣ ಸಣ್ಣ ಅಲೆ ಎದ್ದವು. ಅವರು ನೋಡಲಿಲ್ಲ, ಅವನು ನೋಡಿದ. ಅವತ್ತಿನಿಂದ ಅವನ ಕಣ್ಣು ಅವರ ಕೈಯನ್ನು ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಸುತ್ತಿಗೆ ಹಿಡಿದಾಗ ನೋಡುತ್ತಿದ್ದ, ಬೀಡಿ ಹೊತ್ತಿಸುವಾಗ ನೋಡುತ್ತಿದ್ದ, ಗುಂಡಿ ಹಾಕಿಕೊಳ್ಳುವಾಗ ನೋಡುತ್ತಿದ್ದ. ಸುತ್ತಿಗೆ ಹಿಡಿದಾಗ ಮಾತ್ರ ಏನೂ ಕಾಣುತ್ತಿರಲಿಲ್ಲ. ಇವನಿಗೆ ಅದು ಸಮಾಧಾನ ತರುವ ಬದಲು ಕಾಯುವ ಹಾಗೆ ಮಾಡುತ್ತಿತ್ತು. ರೋಗಿಯ ಮಗ್ಗುಲಲ್ಲಿ ಕೂತವನು ಕಾಯುವ ಹಾಗೆಯೋ, ಬಸ್ಸಿಗೆ ನಿಂತವನು ಕಾಯುವ ಹಾಗೆಯೋ?

ಹಾಗೆ ಕಾಯುತ್ತಿದ್ದಾಗಲೇ ಗುರಲಿಂಗಪ್ಪನ ವ್ಯಾನು ಮೊದಲ ಸಲ ಶೆಡ್ಡಿಗೆ ಬಂದದ್ದು. ಬಾದಾಮಿ, ಪಟ್ಟದಕಲ್ಲು ನೋಡಲು ಬರುವ ಜನರಿಗೆ ಗಾಡಿಯಲ್ಲಿಯೇ ಸೀರೆ ಹರಡಿ ತೋರಿಸಬೇಕು, ಒಳಗೆ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಬೇಕು. ಹಾಗಾಗಿ ಮೇಲಿನ ತಗಡು ಕತ್ತರಿಸಿ ಫೈಬರಿನ ಎತ್ತರದ ಮಾಡು ಕೂಡಿಸಿಕೊಡಿ ಎಂದಿದ್ದ. ತಗಡಿಗೆ ತಗಡು ಕೂಡಿಸುವುದರಲ್ಲಿ ಅಹ್ಮದಸಾಬರಿಗೆ ಸರಿಸಾಟಿ ಬಾಗಲಕೋಟೆಯ ತನಕ ಇರಲಿಲ್ಲ. ಒದ್ದೆ ಅರಿವೆ ಹಚ್ಚುತ್ತ, ಇಲ್ಲೊಂದು ಅಲ್ಲೊಂದು ಚುಕ್ಕೆ ವೆಲ್ಡಿಂಗು ಕೊಡುತ್ತ, ತಗಡಿಗೆ ಬಿಸಿ ತಾಗಿದ್ದು ಗೊತ್ತಾಗದ ಹಾಗೆ ಕೂಡಿಸಿ, ಆಮೇಲೆ ಗಿರಾಕಿಯ ಕಣ್ಣು ಮುಚ್ಚಿಸಿ, ಬೆರಳಾಡಿಸಿ ಜೋಡು ಹುಡುಕು ಎನ್ನುತ್ತಿದ್ದರು. ಫೈಬರ್ ಮಾತ್ರ ಅವರ ಕೈಗೆ ಹೊಸದು. ಹನ್ನೊಂದು ದಿನ ಒಬ್ಬರೇ ಮಾಡಿದರು. ಇವನು ಕೇಳಿದರೆ, "ಕೂಡಸಬೇಕು, ಬಿಗೀಬಾರದು" ಎಂದು ಗೊಣಗಿದರು, ಅಷ್ಟೇ. ಅವರು ಕಲಿಸುವುದೇ ಹಾಗೆ. ಒಂದು ಮಾತು ಬಿಸಾಕಿ ಹೋಗುತ್ತಾರೆ, ಎತ್ತಿಕೊಂಡವನು ಎತ್ತಿಕೊಳ್ಳಬೇಕು. ಹನ್ನೊಂದನೆಯ ದಿನ ನೋಡಿದರೆ ಎಡಗಡೆ ಫೈಬರಿಗೂ ತಗಡಿಗೂ ನಡುವೆ ಗೆರೆ ಎದ್ದು ಕಾಣುತ್ತಿತ್ತು. ಒಣಗಿದರೂ ರಬ್ಬರಿನ ಹಾಗೆ ಮೆತ್ತಗೆ ಉಳಿಯುವ ಕರಿ ಅಂಟು ತುಂಬಿದ ಗೆರೆ. ಅದೂ ನೆಟ್ಟಗಿಲ್ಲ. ಮೂರು ಕಡೆ ಹಾವಿನ ಹಾಗೆ ಹೊರಳಿತ್ತು, ಅಗಲವೂ ಒಂದೇ ಸಮ ಇರಲಿಲ್ಲ. ಶಾಲೆಗೆ ಸೇರಿದ ಮೊದಲ ದಿನ ಹುಡುಗ ಪಾಟಿಯ ಮೇಲೆ ಎಳೆದ ಗೆರೆ.

ಶುಕ್ರವಾರ ಉಸ್ತಾದರು ನಮಾಜಿಗೆ ಹೋದಾಗ ಅವನು ಅದರ ಮುಂದೆ ನಿಂತ. ಚಹಾದ ಮೇಲಿನ ಅಲೆ ಮತ್ತೆ ಕಂಡಿತು. ಅಯ್ಯೋ ಅನಿಸಿತು. ಆ ಅಯ್ಯೋ ಖರೆಯೇ, ಅದರಲ್ಲಿ ಸುಳ್ಳಿರಲಿಲ್ಲ; ಸಂದು ತುಂಬುವ, ಒಣಗಿದರೆ ಕಲ್ಲಾಗುವ ಪುಟ್ಟಿ ಕಲಸುವಾಗ ಅವನ ಕಣ್ಣಲ್ಲಿ ನೀರು ಕೂಡ ಬಂದಿತ್ತು, ಅದು ಪುಟ್ಟಿಯ ಘಾಟಿಗೆ ಬಂದದ್ದು ಎಂದುಕೊಂಡಿದ್ದ. ಗೆರೆಯ ಮೇಲೆ ಪುಟ್ಟಿ ಬಳಿದು, ಎರಡು ಗಂಟೆಯ ಒಳಗೆ ಉಜ್ಜಿ, ಕನ್ನಡಿ ಮಾಡಿಬಿಟ್ಟ. ಕೈ ಕೆಟ್ಟ ದಿನ ಹೇಳುತ್ತೇನೆಂದವನು ಹೇಳಲಿಲ್ಲ, ಹಿಂದಿನಿಂದ ತಿದ್ದಿದ. ಉಸ್ತಾದರು ನಮಾಜಿನಿಂದ ನೇರ ಮನೆಗೆ ಹೋಗಿ, ಮರುದಿನ ಹುನಗುಂದಕ್ಕೆ ಮಗಳು ಗೌಸಿಯಾಳ ಮನೆಗೆ ಹೋದರು, ಬಣ್ಣ ಇವನೇ ಹೊಡೆದ, ಸೋಮವಾರ ಗುರಲಿಂಗಪ್ಪ ಬಂದು ಎಡಗಡೆ ಅಂಗೈ ಸವರಿ, "ಸಾಬಂದು ಕೈ ಅಂದ್ರ ಕೈಯಪಾ! ಜೋಡ ಎಲ್ಲೈತಿ ಅಂತ ದೀಪಾ ಹಚ್ಚಿ ಹುಡಕಬೇಕು" ಎಂದ. ಮಾಳಿಂಗರಾಯ ಹೌದ್ರಿ ಎಂದು ನಕ್ಕ. ಆ ನಗೆ ಎರಡು ದಿನ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅದೇ ವಾರ ಬಾಗಲಕೋಟೆಯ ಹಾಸ್ಟೆಲ್ಲಿನಿಂದ ಮಗಳು ವಿದ್ಯಾ ಫೋನು ಮಾಡಿದ್ದಳು, ಯಾವುದೋ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ವ್ಯಾಪಾರ ಎಂದು ಬರೆದಿದ್ದೇನೆ ಎಂದಳು. ವ್ಯಾಪಾರ ಯಾಕವ್ವಾ ಎಂದರೆ, "ಮತ್ತೇನ್ ಬರೀಲಪ್ಪಾ? ಶೆಡ್ಡರ ನಿಂದೇನು? ಸಾಬರದಲ್ಲ?" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ನಲವತ್ತೈದು ವರ್ಷದವನನ್ನು ಊರು ಇನ್ನೂ ಸಾಬರ ಹುಡುಗ ಎಂದೇ ಕರೆಯುತ್ತಿತ್ತು.

ಈ ಮಂಗಳವಾರ, ಹೇಳಿದ ಹಾಗೆ ಹನ್ನೊಂದಕ್ಕೆ ವ್ಯಾನು ಬಂತು. ಬಿರುಕು ರಸ್ತೆಯಿಂದಲೇ ಕಾಣುತ್ತಿತ್ತು. ಬಿಳಿಯ ಬಣ್ಣದ ಮೇಲೆ ಕೂದಲೆಳೆಯಂತೆ ಹೊರಟು ಹಿಂದಿನ ದೀಪದ ಹತ್ತಿರ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಗುರಲಿಂಗಪ್ಪ ಇಳಿದವನೇ, "ಏನ್ ಸಾಬ್ರ, ನಾ ಮಾಡು ಕೂಡಸ್ರಿ ಅಂದ್ರ ನೀವು ಬಾಯಿ ಕೂಡಿಸೀರಿ. ಮಾತಾಡಾಕತ್ತೈತಿ ನನ್ನ ಗಾಡಿ!" ಎಂದ. ಎದುರಿನ ಪಂಕ್ಚರ್ ಅಂಗಡಿಯ ಕಾಳಪ್ಪ ದೊಡ್ಡದಾಗಿ ನಕ್ಕ. ಅಹ್ಮದಸಾಬರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಟೊಪ್ಪಿಗೆ ಸರಿ ಮಾಡಿಕೊಂಡು ಹತ್ತಿರ ಬಂದು, ಮುಖವನ್ನು ತಗಡಿಗೆ ಮೂಗು ತಾಗುವಷ್ಟು ತಂದು ನೋಡಿದರು. ಕಣ್ಣಿಗೆ ಪೊರೆ ಬಂದಿದೆ, ಹೆಂಡತಿ ಹಜರತಬಿ ಎಷ್ಟು ಹೇಳಿದರೂ ಆಪರೇಷನ್ನಿಗೆ ಇವತ್ತು ನಾಳೆ ಎನ್ನುತ್ತಲೇ ಇದ್ದರು. ಆಮೇಲೆ ಹೆಬ್ಬೆರಳನ್ನು ಬಿರುಕಿನ ಮೇಲೆ ಇಟ್ಟು ಬಾಗಿಲಿನಿಂದ ದೀಪದ ತನಕ ನಡೆದರು. ಮಾಳಿಂಗರಾಯ ಎರಡು ಹೆಜ್ಜೆ ಬಿಟ್ಟು ಹಿಂದೆ ನಡೆದ. ಆ ಹೆಬ್ಬೆರಳಿಗೆ ಗೊತ್ತಾಗದ್ದು ಏನೂ ಇರಲಿಲ್ಲ, ಪುಟ್ಟಿ ಎಷ್ಟು ದಪ್ಪ ಎಂಬುದನ್ನು ಅದು ಬಣ್ಣದ ಮೇಲಿನಿಂದಲೇ ಹೇಳಿಬಿಡುತ್ತಿತ್ತು. ಈಗ ಹೇಳುತ್ತಾರೆ, ಈಗ ತಿರುಗಿ ನೋಡುತ್ತಾರೆ, ಯಾವಾಗಲೇ ಬಳಿದಿ ಇದನ್ನ ಎನ್ನುತ್ತಾರೆ. ಅವರು ದೀಪದ ಹತ್ತಿರ ನಿಂತರು. ಹೆಬ್ಬೆರಳು ಅಲ್ಲಿಯೇ ನಿಂತಿತು. ಅದು ಒಂದಿಷ್ಟು ನಡುಗುತ್ತಿತ್ತು, ಅಥವಾ ಎಂಜಿನ್ ಇನ್ನೂ ಬಂದ್ ಆಗಿರಲಿಲ್ಲವೋ ಏನೋ. "ಗುರಲಿಂಗಪ್ಪ, ತಪ್ಪು ನಂದೈತಿ" ಎಂದರು. "ಜೋಡು ನಾ ಮಾಡಿದ್ದು. ಈ ಹುಡುಗ ಬಣ್ಣ ಅಷ್ಟ ಹೊಡದಾನ." ಗುರಲಿಂಗಪ್ಪ ಇದನ್ನು ನಿರೀಕ್ಷಿಸಿರಲಿಲ್ಲ, ಜಗಳಕ್ಕೆ ಸಜ್ಜಾಗಿ ಬಂದವನಿಗೆ ಜಗಳ ಸಿಗದೆ ಇರುಸುಮುರುಸಾಯಿತು. "ಇರ್ಲಿ ಬಿಡ್ರಿ ಸಾಬ್ರ, ವಯಸ್ಸು ಯಾರನ್ನ ಬಿಟ್ಟೈತಿ" ಎಂದು, ಮೊದಲಿನ ಮಾತಿಗಿಂತ ಕೆಟ್ಟದ್ದನ್ನು ಪ್ರೀತಿಯಿಂದ ಹೇಳಿ, ಸಂಜಿಗೆ ಬರ್ತೇನೆಂದು ಪೇಟೆಗೆ ಹೋದ.

ಉಸ್ತಾದರು ಹಳೆಯ ಟಾಯರೊಂದರ ಮೇಲೆ ಕೂತರು, ವ್ಯಾನಿನಿಂದ ಹತ್ತು ಹೆಜ್ಜೆ ದೂರ. "ಬಿಚ್ಚು" ಎಂದರು. "ಬಣ್ಣ ತಗದು ಒಳಗ ನೋಡು. ಜೋಡು ಎಲ್ಲಿ ಬಿಟ್ಟೈತಿ ನೋಡು. ನನ್ನ ಕಣ್ಣಿಗೆ ಅದು ಆಗೂದಿಲ್ಲ. ನೀ ನೋಡಿ ಹೇಳು." ಮಾಳಿಂಗರಾಯ ಗ್ರೈಂಡರ್ ಎತ್ತಿಕೊಂಡ, ಮತ್ತೆ ಇಟ್ಟ, ಕೈಯಿಂದಲೇ ಉಜ್ಜುವ ಕಾಗದ ತೆಗೆದುಕೊಂಡ. ಬಣ್ಣ ಹೋಯಿತು, ಪುಟ್ಟಿ ಬಂತು. ಬಿರುಕಿಗೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೀಟಿದರೆ ಪುಟ್ಟಿ ಬಿಸಿಲಿಗೆ ಒಣಗಿದ ಕೆರೆಯ ಮಣ್ಣಿನ ಹಾಗೆ ಹಪ್ಪಳ ಹಪ್ಪಳವಾಗಿ ಎದ್ದು ಬಂತು. ಅದರ ಅಡಿಯಲ್ಲಿ ಕರಿ ಗೆರೆ. ಅವನು ಬಗ್ಗಿ ನೋಡಿದ. ಗೆರೆ ಎಲ್ಲಿಯೂ ಬಿಟ್ಟಿರಲಿಲ್ಲ. ಬೆರಳಿನಿಂದ ಒತ್ತಿದರೆ ಒಂದಿಷ್ಟು ಒಳಗೆ ಹೋಗಿ, ತೆಗೆದರೆ ಮತ್ತೆ ಮೇಲೆ ಬಂತು, ಮಗುವಿನ ನೆತ್ತಿಯ ಹಾಗೆ. ವ್ಯಾನಿನ ಹಿಂದಿನ ಮೂಲೆ ಹಿಡಿದು ಅಲ್ಲಾಡಿಸಿದ. ಮೇಲೆ ಫೈಬರು ಒಂದು ಕಡೆ ಸರಿಯಿತು, ಕೆಳಗೆ ತಗಡು ನಿಂತಲ್ಲಿಯೇ ನಿಂತಿತು, ನಡುವಿನ ಗೆರೆ ಇಬ್ಬರ ಮಾತನ್ನೂ ಕೇಳಿ ಹಿಗ್ಗಿ ಕುಗ್ಗಿ ಸುಮ್ಮನಾಯಿತು. ಮೂರು ಕಡೆ ಹೊರಳಿದ್ದು ಯಾಕೆ ಎಂಬುದೂ ಈಗ ಕಂಡಿತು: ಫೈಬರಿನ ಅಂಚು ಅಚ್ಚಿನಿಂದ ಬರುವಾಗಲೇ ಅಲ್ಲಿ ಸೊಟ್ಟಗಿತ್ತು, ಎಲ್ಲಿ ಜಾಸ್ತಿ ಎಳೆತ ಬೀಳುತ್ತದೋ ಅಲ್ಲಿ ಉಸ್ತಾದರು ಸಂದನ್ನು ಜಾಸ್ತಿ ಅಗಲ ಬಿಟ್ಟಿದ್ದರು. ಬಿಟ್ಟಿದ್ದರು. ಬಿಟ್ಟುಹೋಗಿದ್ದಲ್ಲ. ಬಿಸಿಲಿಗೆ ಹಿಗ್ಗುವ ಒಂದನ್ನು ಅಷ್ಟು ಹಿಗ್ಗದ ಇನ್ನೊಂದರ ಜೊತೆ ಗಂಟು ಹಾಕಿ ಬಿಗಿದವನು ತಾನು. ಬೆಳಿಗ್ಗೆ ಕಿವಿ ದಾಟದೆ ಉಳಿದಿದ್ದ ಹೆಂಡತಿಯ ಮಾತು ಆಗ ಒಳಗೆ ಬಂತು, ಬಂದು ಒಂದು ಮೂಲೆಯಲ್ಲಿ ಕೂತಿತು.

ಅವನಿಗೆ ಮೊದಲು ಬಂದದ್ದು ಸಂತೋಷ, ಇದನ್ನು ಅವನು ಆಮೇಲೆ ನೂರು ಸಲ ನೆನಪು ಮಾಡಿಕೊಂಡ. ಒಂದು ಕ್ಷಣ, ಉಸ್ತಾದ್ರ ಬರ್ರಿ ಇಲ್ಲಿ, ನಿಮ್ಮ ಜೋಡು ಕಲ್ಲ ನಿಂತಂಗ ನಿಂತೈತಿ ಎಂದು ಕೂಗಬೇಕೆನಿಸಿತ್ತು. ಬಾಯಿ ಸಹ ತೆರೆದಿದ್ದ. ಆಮೇಲೆ ಕೂಗಿದ ಮೇಲೆ ಏನಾಗುತ್ತದೆ ಎಂಬುದು ಸಾಲಾಗಿ ಬಂದು ನಿಂತಿತು. ಹೆಬ್ಬೆರಳು ಬರುತ್ತದೆ, ಪುಟ್ಟಿಯ ಹಪ್ಪಳ ಎತ್ತಿ ನೋಡುತ್ತದೆ. ಶುಕ್ರವಾರ ಎನ್ನಬೇಕಾಗುತ್ತದೆ. ನಿಮ್ಮ ಕೈ ಹೋಗಿದೆ ಎಂದು ತಿಳಿದೆ ಎನ್ನಬೇಕಾಗುತ್ತದೆ. ತಿಳಿದವ ಹೇಳಲಿಲ್ಲ ಯಾಕೆ? ಹಿಂದಿನಿಂದ ತಿದ್ದಿದೆ ಯಾಕೆ? ಸಂಜೆ ಗುರಲಿಂಗಪ್ಪ ಬರುತ್ತಾನೆ, ಕಾಳಪ್ಪ ಆಚೆಯಿಂದ ಕೇಳಿಸಿಕೊಳ್ಳುತ್ತಾನೆ, ಸಾಬರ ಹುಡುಗ ಸಾಬರ ಕೆಲಸ ಕೆಡಿಸಿದ ಎಂದು ಬಸ್ ಸ್ಟ್ಯಾಂಡಿನ ತನಕ ಹೋಗುತ್ತದೆ. ಹುಡುಗ. ವಿದ್ಯಾಳ ಅರ್ಜಿಯ ಆ ಖಾಲಿ ಗೆರೆ ಕಣ್ಣ ಮುಂದೆ ಬಂತು. ಅವನು ಬಾಯಿ ಮುಚ್ಚಿದ. ಹಿಂದಿನಿಂದ ಉಸ್ತಾದರ ದನಿ ಬಂತು.

"ಕೈ ಕೆಟ್ಟೈತೇನ್ಲೇ ಮಾಳ್ಯಾ?"

ಯಾರ ಕೈ ಎಂದು ಅವರು ಅನ್ನಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಇಬ್ಬರ ನಡುವೆ ಅದನ್ನು ಅನ್ನುವ ಅಗತ್ಯವಿರಲಿಲ್ಲ. ಮಾಳಿಂಗರಾಯ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಪುಟ್ಟಿಯ ಪುಡಿ ತುಂಬಿತ್ತು. ಆ ಪ್ರಶ್ನೆಯಲ್ಲಿ ಒಂದು ಮಾತಿನಷ್ಟು ಜಾಗ ಖಾಲಿ ಬಿದ್ದಿತ್ತು, ಒಬ್ಬ ಮನುಷ್ಯ ಮೈ ಮುದುಡಿ ಅಡಗಿಕೊಳ್ಳುವಷ್ಟು. ಅವನು ಅದರೊಳಗೆ ಹೊಕ್ಕ.

"ಕೆಟ್ಟೈತ್ರಿ" ಎಂದ.

ಮಾರಿ ನೋಡಿ ಹೇಳಬೇಕು ಎಂದಿದ್ದರು. ಅವನು ತಗಡಿನ ಕಡೆ ಮಾರಿ ಮಾಡಿ ಹೇಳಿದ. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಶೆಡ್ಡಿನ ತಗಡು ಗುಂಯ್ ಎಂದಿತು, ನಿಂತಿತು. ಈಗಲೂ ಆಗುತ್ತದೆ, ಈಗಲೂ ನಂದು ಎಂಬ ಒಂದು ಮಾತು ಸೇರಿಸಿದರೆ ಮುಗಿಯುತ್ತದೆ ಎಂದು ಅವನು ಎಣಿಸುತ್ತ ನಿಂತ. ಉಸ್ತಾದರು ಎದ್ದು ಬರಬಹುದು, ಮುಟ್ಟಿ ನೋಡಬಹುದು, ನೋಡಲಿ, ನೋಡಿದರೆ ತಾನು ಹೇಳಬೇಕಾಗಿಯೇ ಇಲ್ಲ. ಅವರು ಎದ್ದರು. ಬ್ಯಾರಲ್ಲಿನ ಕಡೆ ಹೋದರು.

"ಒಂದ ಸಲ ಬೆರಳ ಆಡಿಸಿ ನೋಡ್ರಿ ಉಸ್ತಾದ್ರ" ಎಂದ ಅವನು, ದನಿ ತನ್ನದಲ್ಲ ಅನ್ನುವ ಹಾಗೆ.

"ನೀ ನೋಡಿದಿ. ನೀ ನೋಡಿದ ಮ್ಯಾಲೆ ನಾ ಯಾಕ ನೋಡ್ಲಿ?" ಅವರು ಮೊಣಕೈ ತನಕ ಸಾಬೂನು ಹಚ್ಚಿಕೊಂಡು ನಿಧಾನವಾಗಿ ತೊಳೆದುಕೊಂಡರು. "ನನಗ ಮರತೈತಿ ಅಂತ ತಿಳದಿದ್ದೇನು? ದಿನಾ ನೆಪ್ಪಿತ್ತು. ಈ ಒಂದ ವರ್ಷದಾಗ ನೀ ನನ್ನ ಕೈ ನೋಡೂದು ನಾ ನೋಡೀನಿ. ಹೇಳ್ತಾನೋ, ಅವರಂಗ ಇವನೂ ಸಲಾಮ್ ಹೊಡಕೋಂತ ಕುಂದರ್ತಾನೋ ಅಂತಿದ್ದೆ." ಟವೆಲಿನಿಂದ ಬೆರಳೊಂದೊಂದನ್ನೂ ಒರೆಸಿಕೊಂಡರು. "ಮಾತ ಉಳಿಸಿದಿ ತಮ್ಮಾ. ನೀ ಒಬ್ಬವನಾದ್ರೂ ಹೇಳಿದಿ."

ಇಷ್ಟು ವರ್ಷದಲ್ಲಿ ಅವರು ಅವನನ್ನು ತಮ್ಮಾ ಎಂದದ್ದು ಅದೇ ಮೊದಲು. ಸುತ್ತಿಗೆಯನ್ನೂ, ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗುಂಡನ್ನೂ ಅವನ ಡಬ್ಬಿಯೊಳಗೆ ಇಟ್ಟು, ಶೆಡ್ಡಿನ ಬೀಗದ ಕೈಯನ್ನು ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡರು. "ಹಜರತಬಿ ಕಣ್ಣಿಂದು ಆಪರೇಷನ್ ಮಾಡಿಸ್ರಿ ಅಂತ ಗಂಟ ಬಿದ್ದಾಳ. ಇನ್ನ ಪುರಸೊತ್ತ ಆತು" ಎಂದು ಒಂದಿಷ್ಟು ನಕ್ಕರು. ರಸ್ತೆಯ ಅಂಚಿನಲ್ಲಿ ಲಾರಿಗಳು ಹೋಗಲೆಂದು ನಿಂತರು. ಹಿಂದಿನಿಂದ ಅವರ ಕೊರಳು ಸಣ್ಣದಾಗಿ ಕಾಣುತ್ತಿತ್ತು. ಲಾರಿಗಳು ಒಂದರ ಹಿಂದೊಂದು ನಾಲ್ಕು ಹೋದವು. ಅಷ್ಟು ಹೊತ್ತು ಅವರು ಅಲ್ಲಿಯೇ ನಿಂತಿದ್ದರು, ಅಷ್ಟು ಹೊತ್ತು ಮಾಳಿಂಗರಾಯನಿಗೆ ನಡೆದು ಹೋಗಿ ಹೇಳಲು ಆಗುತ್ತಿತ್ತು. ಐದನೆಯದು ಬರಲಿಲ್ಲ. ಅವರು ದಾಟಿದರು.

ಜೋಡಿಗೆ ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ತನ್ನ ಪುಟ್ಟಿಯನ್ನೆಲ್ಲ ಕೆರೆದು ತೆಗೆದ, ಕರಿ ಗೆರೆಯನ್ನು ಒದ್ದೆ ಅರಿವೆಯಿಂದ ಒರೆಸಿದ, ಗೆರೆಯನ್ನು ಹಾಗೆಯೇ ಬಿಟ್ಟು ಮೇಲೊಂದು ಕೆಳಗೊಂದು ತೆಳ್ಳಗೆ ಬಣ್ಣ ಹೊಡೆದ. ಐದಕ್ಕೆ ಗುರಲಿಂಗಪ್ಪ ಬಂದ. "ಗೆರಿ ಕಾಣಾಕತ್ತೈತಲ್ಲೋ?" ಎಂದ. "ಕಾಣಬೇಕ್ರಿ. ಕೂಡಸಬೇಕು, ಬಿಗೀಬಾರದು" ಎಂದ ಮಾಳಿಂಗರಾಯ. ಹೇಳಿದ ಮೇಲೆ ತನ್ನ ಬಾಯಿ ಯಾರದ್ದು ಎಂದು ಅವನಿಗೇ ತಿಳಿಯಲಿಲ್ಲ. ಗುರಲಿಂಗಪ್ಪ ಗಾಡಿ ಅಲ್ಲಾಡಿಸಿ ನೋಡಿದ, ಗೆರೆ ಹಿಗ್ಗಿ ಕುಗ್ಗಿದ್ದು ನೋಡಿದ, ಬಾಯಿ ತೆರೆದ. "ಅಲಲಲಾ! ಇದು ಕೈ ಅಂದ್ರ. ಸಾಬರ ಕಾಲ ಮುಗೀತು ಬಿಡ್ರಿ ಮಾಳಪ್ಪಾರ." ಬಿಡ್ರಿ. ಮಾಳಪ್ಪಾರ. ಕಾಳಪ್ಪ ಆಚೆಯಿಂದ ತಲೆ ಎತ್ತಿ ನೋಡಿದ, ಈ ಸಲ ನಗಲಿಲ್ಲ.

ಮನೆಗೆ ಬಂದಾಗ ಸಾವಂತ್ರವ್ವ ಹಾಸು ಸುತ್ತಿ ಇಡುತ್ತಿದ್ದಳು. "ಬೆಳಿಗ್ಗೆ ಏನೋ ಫೋನ್ ಬಂದಿತ್ತಲ್ರಿ, ಏನಾತು?" ಎಂದಳು. ಏನೂ ಇಲ್ಲ ಎಂದ. ಅವಳ ಎದುರು ನೆಲಕ್ಕೆ ಕೂತು ಹಾಸಿನ ತುದಿ ಎತ್ತಿಕೊಂಡು ನೋಡಿದ. ಹತ್ತಿಯ ಕೊಂಡಿ, ಅದರೊಳಗೆ ರೇಶಿಮೆಯ ಕೊಂಡಿ, ಸಾವಿರಾರು, ಒಂದನ್ನೂ ಬಿಗಿದಿರಲಿಲ್ಲ. "ಇವತ್ತೇನ್ ಹೊಸದಾಗಿ ನೋಡಾಕತ್ತೀರಿ?" ಎಂದು ಅವಳು ನಕ್ಕಳು. ಕೈಗೆ ಪುಡಿ ಹತ್ತಿದೆ, ರೇಶಿಮೆಗೆ ಕಲೆಯಾದೀತು ಎಂದು ಅವನು ಅದನ್ನು ಕೆಳಗಿಟ್ಟ.

ವ್ಯಾನು ಆಮೇಲೆ ಎರಡು ಬೇಸಿಗೆ ಕಂಡಿತು, ಮತ್ತೆ ಬಿರುಕು ಬಿಡಲಿಲ್ಲ. ಅಹ್ಮದಸಾಬರು ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ಹೊಸ ಅರ್ಜಿಯೊಂದರಲ್ಲಿ ವಿದ್ಯಾ ತಂದೆಯ ಉದ್ಯೋಗ ಟಿಂಕರ್, ಸ್ವಂತ ಎಂದು ಬರೆದಳು. ಮಾಳಿಂಗರಾಯ ಮಾತು ಉಳಿಸಿದ ಎಂದು ಉಸ್ತಾದರು ಬಂದವರಿಗೆಲ್ಲ ಹೇಳುತ್ತಿದ್ದರು. ಅವನು ಉಳಿಸಿರಲಿಲ್ಲ.